ಬಾಯಿ ಬಿಡದ ಬ್ಯಾಟರಿ

ಚಳಿ ಹಿಂದೆ ಸರಿದು ಗಾಳಿಕಾಲ ಶುರುವಾಗಿತ್ತು. ಅತ್ತಿಗೆ ಹಿತ್ತಲ ಕೋಣೆಯಲ್ಲಿ ಕಾವುಪೆಟ್ಟಿಗೆಯ ಮುಚ್ಚಳ ತೆಗೆದು ಬಾತುಮೊಟ್ಟೆಗಳನ್ನು ಒಂದೊಂದಾಗಿ ಹೊರಳಿಸುತ್ತಿದ್ದಳು. ಪಕ್ಕದ ಮೇಜಿನ ಬಳಿ ಅವಳ ಮೈದುನ, ಸೈಕಲ್ ರಿಪೇರಿಯವನು, ಹಳೆಯ ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದ ಲಿಥಿಯಂ ಸೆಲ್‌ಗಳನ್ನು ಸಾಲಾಗಿ ನಿಲ್ಲಿಸಿ ನಿಕಲ್ ಪಟ್ಟಿಗೆ ಬೆಸುಗೆ ಹಾಕುತ್ತಿದ್ದ. ತಂತಿಗೆ ತಾಗುವ ಕೊಂಬೆ ಕಡಿಯಲೆಂದು ಮಧ್ಯಾಹ್ನದಿಂದ ಸಂಜೆವರೆಗೆ ಲೈನ್ ತೆಗೆಯುವುದಾಗಿ ಕರೆಂಟಿನವರು ಹೇಳಿಹೋಗಿದ್ದರು. ಲೈನ್ ಹೋಗುವಷ್ಟರೊಳಗೆ ಬ್ಯಾಟರಿ ಸಿದ್ಧವಾಗಿ ಪೆಟ್ಟಿಗೆಯ ಬಲ್ಬು ಉರಿಸಬೇಕಿತ್ತು. ಇಲ್ಲದಿದ್ದರೆ ಮೊಟ್ಟೆಯೊಳಗಿನ ಮರಿಗಳು ತಣ್ಣಗಾಗಿ ಸಾಯುತ್ತಿದ್ದವು.

ಹಿಂದಿನ ಸಲದ ಮೊಟ್ಟೆಗಳು ಹಾಗೇ ಹೋಗಿದ್ದವು. ಆಗಲೂ ಅವನದೇ ಏರ್ಪಾಡು. ಯಾಕೆ ಕೈಕೊಟ್ಟಿತು ಅಂದರೆ ತಲೆ ಕೆರೆದುಕೊಂಡಿದ್ದ. ಅದಕ್ಕೇ ಈ ಸಲ ಅತ್ತಿಗೆ ಮೊದಲೇ ಕರಾರು ಹಾಕಿದ್ದಳು.

"ಕೆಟ್ಟರೆ ಕೆಡಲಿ, ಸರಿಹೋದರೆ ಹೋಗಲಿ. ಯಾಕೆ ಅಂತ ಮಾತ್ರ ನನಗೆ ಅರ್ಥ ಆಗೋ ಹಾಗೆ ಹೇಳಬೇಕು. ಆ ಸಾಲ ನಿನ್ನ ಮೇಲಿದೆ."

ಕೊನೆಯ ಬೆಸುಗೆ ಮುಗಿಯಿತು. ಸೆಲ್‌ಗಳು ಪೂರ್ತಿ ಬರಿದಾಗದಂತೆ, ಬೆಂಕಿ ಹತ್ತದಂತೆ ಕಾಯುವ ಹಸಿರು ಬೋರ್ಡನ್ನೂ ಕೂರಿಸಿದ. ಮೀಟರಿನ ಕಡ್ಡಿ ಇಟ್ಟು ನೋಡಿದರೆ ಒಂದೊಂದು ಸೆಲ್ಲೂ ತುಂಬಿತ್ತು. ಬೋರ್ಡಿನಿಂದ ಹೊರಬರುವ ಎರಡು ವೈರಿನಲ್ಲಿ ಮಾತ್ರ ಏನೂ ಇಲ್ಲ. ಕೂಡುವ ಕಡೆ ಕೂಡಿದೆ, ತಲೆಕೆಳಗಾದ ಸೆಲ್ ಒಂದೂ ಇಲ್ಲ. ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದ. ಆಗಲೂ ಅಷ್ಟೇ.

"ಮನೆ ತುಂಬ ಜನ ಇದ್ದಾರೆ ಅತ್ತಿಗೆ, ಬಾಗಿಲು ತಟ್ಟಿದರೆ ಒಬ್ಬರೂ ಓಗೊಡ್ತಿಲ್ಲ."

"ಒಳಗೆ ನಿನ್ನಣ್ಣ ಕೂತಿರಬೇಕು."

ಬೋರ್ಡನ್ನೇ ಕಿತ್ತು ನೇರವಾಗಿ ಬಲ್ಬಿಗೆ ಕೊಡಬಾರದೇ ಎಂದು ಅವಳು ಕೇಳಿದಳು. ಹಾಗೆ ಮಾಡಿದರೆ ಮೊಟ್ಟೆ ಒಡೆಯುವ ಬದಲು ಬೆಂದೇ ಹೋದಾವು ಎಂದ. ಅಷ್ಟರಲ್ಲಿ ಲೈನ್ ಹೋಯಿತು.

ಅತ್ತಿಗೆ ಒಲೆಯ ಬಿಸಿನೀರನ್ನು ಬಾಟಲಿಗಳಿಗೆ ತುಂಬಿ, ಪೆಟ್ಟಿಗೆಯೊಳಗೆ ಇಟ್ಟು, ಮೇಲೆ ಕಂಬಳಿ ಹೊದಿಸಿದಳು. ಅವನು ಬ್ಯಾಟರಿ, ಚಾರ್ಜರ್, ಸೋಲ್ಡರಿಂಗ್ ಐರನ್ ಚೀಲಕ್ಕೆ ತುರುಕಿ ಹಿಟ್ಟಿನ ಗಿರಣಿಗೆ ಸೈಕಲ್ ತುಳಿದ. ಅಲ್ಲಿ ಜನರೇಟರ್ ಇತ್ತು. ಇದನ್ನು ಬೀಸಿದರೆ ಹಿಟ್ಟು ಬರುವುದಿಲ್ಲ ಕಣಪ್ಪ ಎಂದು ಗಿರಣಿಯವನು ನಕ್ಕರೂ ಪ್ಲಗ್ಗು ತೋರಿಸಿದ.

ಬೆಸುಗೆಗಳನ್ನೆಲ್ಲ ಇನ್ನೊಮ್ಮೆ ಕರಗಿಸಿ ಕೂರಿಸುವುದೆಂದು ಅವನ ಎಣಿಕೆ. ಐರನ್ ಕಾಯುವವರೆಗೆ ಸುಮ್ಮನೆ ಯಾಕೆ ಎಂದು ಚಾರ್ಜರನ್ನು ಬ್ಯಾಟರಿಗೆ ಸಿಕ್ಕಿಸಿದ. ವೈರಿನ ತುದಿಯಲ್ಲಿ ಕಟ್ಟಿದ್ದ ಪರೀಕ್ಷೆಯ ಬಲ್ಬು ಹೊತ್ತಿಕೊಂಡಿತು. ಚಾರ್ಜರಿನ ಕರೆಂಟಿಗೇ ಉರಿಯುತ್ತಿರಬೇಕೆಂದು ಚಾರ್ಜರನ್ನು ಕಿತ್ತ. ಬಲ್ಬು ಆರಲಿಲ್ಲ. ಅವನು ಮೊದಲಿಗಿಂತ ಹೆಚ್ಚು ಕಂಗಾಲಾಗಿ ಕುಳಿತ. ಅಂಥ ಬೋರ್ಡು ಹೊಸದಾಗಿ ಜೋಡಿಸಿದ ಮೇಲೆ ಒಮ್ಮೆ ಚಾರ್ಜರ್ ತಾಗುವ ತನಕ ಮಲಗಿಯೇ ಇರುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬಂದು ವೈರು ಸಿಕ್ಕಿಸಿದಾಗ ಪೆಟ್ಟಿಗೆಯೊಳಗೆ ಹಳದಿ ಬೆಳಕು ಬಂತು. ಅತ್ತಿಗೆ ಒಂದು ಮೊಟ್ಟೆಯನ್ನು ಟಾರ್ಚಿಗೆ ಹಿಡಿದು ನೋಡಿದಳು. ಒಳಗಿನ ಕಪ್ಪು ನೆರಳು ಮಿಸುಕಿತು. ಮೆಲ್ಲನೆ ಅದನ್ನು ಒಳಗಿಟ್ಟು ಮುಚ್ಚಳ ಹಾಕಿದ ಮೇಲೆ ಕೇಳಿದಳು.

"ಏನಾಗಿತ್ತು?"

"ಏನೂ ಮಾಡಲಿಲ್ಲ ಅತ್ತಿಗೆ. ಐರನ್ ಕಾಯಲಿ ಅಂತ ಕೂತಿದ್ದೆ. ತಾನಾಗೇ ಹತ್ತಿಕೊಳ್ತು."

"ತಾನಾಗೇ ಹತ್ತಿಕೊಂಡಿದ್ದು ತಾನಾಗೇ ಆರಬಹುದಲ್ಲ?"

ಅವಳು ಮಣೆ ಎಳೆದುಕೊಂಡು ಪೆಟ್ಟಿಗೆಯ ಪಕ್ಕ ಕುಳಿತಳು. ಬಿಸಿನೀರಿನ ಬಾಟಲಿಗಳನ್ನು ಒಳಗಿಂದ ತೆಗೆದರೂ ದೂರ ಇಡಲಿಲ್ಲ. ಅವನು ಈಚೆ ಕಡೆ ಮೀಟರ್ ಹಿಡಿದು ಕುಳಿತ. ಮತ್ತೆ ಮತ್ತೆ ಕಡ್ಡಿ ಇಟ್ಟು ನೋಡಿದ. ಎಲ್ಲ ಸರಿಯಾಗಿಯೇ ಇತ್ತು, ಯಾಕೆ ಸರಿಹೋಯಿತು ಎಂಬುದೇ ಅವನಿಗೆ ತಿಳಿಯಲಿಲ್ಲ. ಕಿಟಕಿಯಾಚೆ ಕೊಂಬೆ ಕಡಿಯುವ ಸದ್ದು ನಿಂತು ಲೈನ್ ಬಂದಾಗ ಅತ್ತಿಗೆ ಎದ್ದು ಸೆರಗು ಕೊಡವಿದಳು.

"ಸಾಲ ಹಾಗೇ ಇದೆ, ನೆನಪಿರಲಿ" ಎಂದು ಒಲೆಯ ಕಡೆ ಹೋದಳು.