ನೀಲಿ ಗಾಡಿ

"ಇದು ಬೇಡ," ಎಂದರು ಶ್ರುತಿ ಮಾಸ್ತರು. ಹಾರ್ನ್ ಒತ್ತಿದ ಹೆಬ್ಬೆರಳನ್ನು ಇನ್ನೂ ತೆಗೆದಿರಲಿಲ್ಲ. "ಇದರ ಎರಡು ಸ್ವರಕ್ಕೂ ಒಂದಕ್ಕೊಂದು ಆಗಿಬರಲ್ಲ. ಅತ್ತೆ ಸೊಸೆ ಒಂದೇ ಸಲ ಕೂಗಿದ ಹಾಗಿದೆ."

ಮಾರಾಟದ ಹುಡುಗಿಗೆ ನಗು ಬಂತು. ಇಂಜಿನ್, ಮೈಲೇಜು, ಏರ್‌ಬ್ಯಾಗು ಎಂದು ಅರ್ಧ ಗಂಟೆಯಿಂದ ಒಪ್ಪಿಸಿದ್ದೆಲ್ಲ ನೀರಲ್ಲಿ ಹೋಮ ಮಾಡಿದಂತಾಗಿತ್ತು. ಹಾರ್ನ್ ಅಪಶ್ರುತಿ ಎಂದು ಗಾಡಿ ಬೇಡವೆಂದವರನ್ನು ಅವಳು ಈವರೆಗೆ ಕಂಡಿರಲಿಲ್ಲ.

ಮಾಸ್ತರು ಪಿಯಾನೋ ಶ್ರುತಿ ಮಾಡುವವರು. ಶಾಲೆ, ಸಭಾಂಗಣ, ಹೋಟೆಲು, ಮನೆ, ಎಲ್ಲಿ ಪಿಯಾನೋದ ತಂತಿ ಸಡಿಲವಾದರೂ ಅವರಿಗೇ ಕರೆ. ಹತ್ತನೇ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ಕಣ್ಣನ್ನೂ ಕರೆದುಕೊಂಡು ಹೋಗಿತ್ತು. ಅಂದಿನಿಂದ ಜಗತ್ತು ಅವರಿಗೆ ಕಿವಿಯ ಮೂಲಕ, ಮದುವೆಯಾದ ಮೇಲೆ ಹೆಂಡತಿಯ ಬಾಯಿಯ ಮೂಲಕ. ಗಾಡಿ ಓಡಿಸುವವಳು, ಉಪಕರಣದ ಚೀಲ ಹೊರುವವಳು, ಯಾವ ದಿನ ಯಾರ ಮನೆ ಎಂದು ನೆನಪಿಡುವವಳು ಅವಳೇ.

ಅವಳೀಗ ಗಾಜಿನ ಗೋಡೆಯಾಚೆಗೆ ನೋಡುತ್ತ ನಿಂತಿದ್ದಳು. ಹೊರಗಿನ ಅಂಗಳದಲ್ಲಿ ತೆಳು ಮಂಜು ಇನ್ನೂ ಕರಗಿರಲಿಲ್ಲ. ಅದರ ನಡುವೆ ಅವರ ಹಳೆಯ ಗಾಡಿ, ಆ ಪುಟ್ಟ ಎಸ್‌ಯುವಿ, ಅರ್ಧ ನಿದ್ದೆಯಲ್ಲಿರುವ ಪ್ರಾಣಿಯಂತೆ ಸುಮ್ಮನೆ ನಿಂತಿತ್ತು. ಹಳೆಯ ಗಾಡಿಗಳಿಗೆ ಬೆಲೆ ಕಟ್ಟುವವನು ಕೈಯಲ್ಲಿ ಫಾರಂ ಹಿಡಿದು ಅದನ್ನು ಸುತ್ತುತ್ತಿದ್ದ. ಅವನು ಒಂದೊಂದು ಸುತ್ತು ಹಾಕಿದಾಗಲೂ ಅವಳು ಗಾಜಿಗೆ ಇನ್ನಷ್ಟು ಹತ್ತಿರ ಸರಿಯುತ್ತಿದ್ದಳು. ಗಾಡಿಯನ್ನು ಬಿಟ್ಟುಕೊಡುವ ಸಂಕಟ ಇದ್ದೇ ಇತ್ತು, ಆದರೆ ಅದಕ್ಕಿಂತ ದೊಡ್ಡದು ಭಯ. ಆ ಮನುಷ್ಯ ಒಳಗೆ ಬಂದು ಒಂದು ಮಾತು ಆಡಿದರೆ ಅವಳ ಹದಿನಾಲ್ಕು ವರ್ಷ ಮಣ್ಣುಪಾಲು.

ಗಾಡಿಯ ಹೆಸರು ನೀಲಿ. ಗಾಡಿಯ ಬಣ್ಣ ಬೂದು.

ಆದದ್ದು ಇಷ್ಟೇ. ಕಣ್ಣು ಹೋದಾಗ ಮಾಸ್ತರ ಬಳಿ ಎಂಟೋ ಹತ್ತೋ ಬಣ್ಣ ಉಳಿದಿದ್ದವು. ಅವನ್ನು ಜೋಪಾನವಾಗಿ ಬಳಸುತ್ತಿದ್ದರು. ಅದರಲ್ಲಿ ಅಚ್ಚುಮೆಚ್ಚಿನದು ಒಂದು ನೀಲಿ: ತರಗತಿಯ ಕಿಟಕಿಯಲ್ಲಿಟ್ಟ ಶಾಯಿ ಬಾಟಲಿಯನ್ನು ಹಾದು ಬಂದ ಬಿಸಿಲು ಮೇಜಿನ ಮೇಲೆ ಬಿಡುತ್ತಿದ್ದ ನೀಲಿ. ಗಾಡಿ ಕೊಂಡರೆ ಅದೇ ಬಣ್ಣದ್ದು ಎಂದು ಹಟ. ಅವಳೊಬ್ಬಳೇ ಗಾಡಿ ತರಲು ಹೋದ ದಿನ ಅಂಗಡಿಯವನು ನೀಲಿಗೆ ಮೂರು ತಿಂಗಳು ಕಾಯಬೇಕೆಂದ. ಮಗು ಸಣ್ಣದು, ಕೆಲಸ ಊರ ಎರಡು ತುದಿಯಲ್ಲಿ, ಬಸ್ಸಿನಲ್ಲಿ ಆ ಭಾರದ ಚೀಲ. ಅವಳು ಬೂದು ಗಾಡಿಗೆ ಸಹಿ ಹಾಕಿದಳು. ಮನೆಗೆ ಹೋದ ಮೇಲೆ ಸಮಾಧಾನವಾಗಿ ಹೇಳೋಣ ಅಂದುಕೊಂಡಿದ್ದಳು. ಆದರೆ ಮನೆ ಮುಂದೆಯೇ ಕಾದಿದ್ದ ಮಾಸ್ತರು ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ, ಮುಖವರಳಿಸಿ, "ನೀಲೀನೇ ತಾನೇ?" ಎಂದುಬಿಟ್ಟರು. ಆ ಮುಖ ನೋಡಿ ಅವಳ ಬಾಯಿಂದ ಬಂದದ್ದು, "ಹೂಂ."

ತುಟಿ ಮೀರಿದ ಮಾತನ್ನು ಹಿಡಿದು ತರುವವರುಂಟೆ? ಆ ಒಂದು 'ಹೂಂ' ಎಂಬುದನ್ನು ಕಾಯಲು ಕ್ರಮೇಣ ಇಡೀ ಊರೇ ನಿಂತಿತು. ಪಕ್ಕದ ಮನೆಯವರು "ನಿಮ್ಮ ನೀಲಿ ಸ್ವಲ್ಪ ಮುಂದಕ್ಕೆ ತಗೊಳ್ಳಿ" ಎನ್ನುವರು. ಮೆಕ್ಯಾನಿಕ್ಕು "ನೀಲಿಗೆ ಆಯಿಲ್ ಹಾಕಿದೀನಿ ಮಾಸ್ತರೇ" ಎನ್ನುವನು. ಮಗಳು ಪುಟ್ಟಿ ಒಂದನೇ ತರಗತಿಯಲ್ಲಿ ತಮ್ಮ ಗಾಡಿಯ ಚಿತ್ರಕ್ಕೆ ನೀಲಿ ಬಳಿದಾಗ, ಮಗುವಿಗೆ ಬಣ್ಣ ಗುರುತಿಸಲು ಬರುವುದಿಲ್ಲ ಎಂದು ಟೀಚರು ತಾಯಿಯನ್ನು ಕರೆಸಿದ್ದೂ ಆಗಿತ್ತು. ಸುಳ್ಳು ಎಷ್ಟು ಹಳೆಯದಾಯಿತೆಂದರೆ ಅದಕ್ಕೆ ಮನೆಯ ವಾಸನೆ ಬಂದುಬಿಟ್ಟಿತ್ತು. ಅವಳ ಕನಸಿನಲ್ಲಿ ಕೂಡ ಗಾಡಿ ನೀಲಿಯಾಗಿಯೇ ಬರುತ್ತಿತ್ತು. ನೀಲಿ ಗಾಡಿ ನಿಶ್ಶಬ್ದವಾಗಿ ನೀರಿನ ಮೇಲೆ ಹೋಗುವುದು, ತಾನು ಸ್ಟೀರಿಂಗ್ ಹಿಡಿಯದೆ ಕಿಟಕಿಗೆ ತಲೆಯಿಟ್ಟು ಕೂತಿರುವುದು. ಎದ್ದು ಹೊರಗೆ ಬಂದು ಬೂದು ಗಾಡಿ ಕಂಡಾಗ, ಇದು ಯಾರದಪ್ಪ ಎನಿಸುವುದು.

ಎಂಥ ಗಾಡಿ ಅದು! ಹಿಂದಿನ ಸೀಟು ಮಡಿಸಿದರೆ ಪಿಯಾನೋದ ಇಡೀ ಕೀಲಿಮಣೆ ಮಗುವಿನ ಹಾಗೆ ಮಲಗುತ್ತಿತ್ತು. ಸೀಟು ಮಾಸ್ತರ ಸೊಂಟಕ್ಕೆ ಅಳೆದಿಟ್ಟಷ್ಟು ಎತ್ತರ, ಹತ್ತುವುದೂ ಬೇಡ, ಇಳಿಯುವುದೂ ಬೇಡ, ಸರಿದು ಕೂತರಾಯಿತು. ಆದರೆ ಅವಳ ಕಾಲ ಕೆಳಗಿನ ತಗಡು ತುಕ್ಕು ಹಿಡಿದು ರಸ್ತೆ ಕಾಣುವಷ್ಟಾಗಿತ್ತು. ಕ್ಲಚ್ಚು ಒತ್ತಿ ಒತ್ತಿ ಅವಳ ಎಡ ಮಂಡಿಯೂ ಸೋತಿತ್ತು. "ಇಬ್ಬರಲ್ಲಿ ಯಾರು ಮೊದಲು ಮುರೀತೀರೋ ನಾ ಹೇಳಲಾರೆ ಅಕ್ಕಾ," ಎಂದಿದ್ದ ಮೆಕ್ಯಾನಿಕ್ಕು.

ಎರಡನೆಯ ಗಾಡಿಯನ್ನು ಮಾಸ್ತರು ಬಾಗಿಲು ಮುಚ್ಚಿದ ಸದ್ದಿಗೇ ನಿರಾಕರಿಸಿದರು. "ಡಬ್ಬಿ," ಎಂದರು ಅಷ್ಟೇ.

ಮೂರನೆಯದು ಗೋಡೆಯ ಪಕ್ಕ, ಬೆಳಕು ಕಡಿಮೆಯಿದ್ದಲ್ಲಿ ನಿಂತಿತ್ತು. ಮಾಸ್ತರು ಚಾವಣಿಯನ್ನು ಬೆರಳಗೆಣ್ಣಿನಿಂದ ತಟ್ಟಿದರು, ಕಿವಿಯಿಟ್ಟು ಕೇಳಿದರು, ಸೀಟಿಗೆ ಸರಿದು ಕೂತರು. ಅವಳು ಈಚೆ ಬದಿಯಿಂದ ಬಂದು ಸ್ಟೀರಿಂಗಿನ ಮುಂದೆ ಕೂತಳು. ಬಾಗಿಲು ಮುಚ್ಚಿದೊಡನೆ ಹೊರಗಿನ ಸದ್ದೆಲ್ಲ ಯಾರೋ ಕಂಬಳಿ ಹೊದಿಸಿದಂತೆ ಅಡಗಿಹೋಯಿತು. ಗಾಜಿನಾಚೆ ಮಾರಾಟದ ಹುಡುಗಿ ಮೀನಿನಂತೆ ಬಾಯಿ ಆಡಿಸುತ್ತಿದ್ದಳು. ಇಲ್ಲಿ ಕ್ಲಚ್ಚಿಲ್ಲ. ಅವಳ ಎಡಗಾಲು ಏನೂ ಕೆಲಸವಿಲ್ಲದೆ, ರಜೆ ಸಿಕ್ಕಂತೆ ನೀಳವಾಗಿ ಚಾಚಿಕೊಂಡಿತು. ಹಾಗೇ ಕಣ್ಣು ಮುಚ್ಚಿದರೆ ನಿದ್ದೆ ಬರುವಂತಿತ್ತು.

"ಇದು," ಎಂದರು ಮಾಸ್ತರು ಮೆಲ್ಲಗೆ. "ಇದು ನಮ್ಮದು ಕಣೇ."

ಬಾಗಿಲು ತೆರೆದು ಹುಡುಗಿಯನ್ನು ಕೇಳಿದರು, "ಇದರಲ್ಲಿ ನೀಲಿ ಬರುತ್ತಾಮ್ಮ?"

"ಬರುತ್ತೆ ಸಾರ್. ಗೋಡೌನಲ್ಲೇ ಒಂದಿದೆ. ಒಳ್ಳೇ ಶಾಯಿ ಬಣ್ಣ."

ಪಕ್ಕದಲ್ಲಿ ಕೂತ ಹೆಂಡತಿಗೆ ಜೀವ ಬಂದಂತಾಯಿತು. ಶಾಯಿ ಬಣ್ಣವಂತೆ! ಇನ್ನೆರಡು ದಿನದಲ್ಲಿ ನಿಜವಾದ ನೀಲಿ ಗಾಡಿ ಮನೆ ಮುಂದೆ ನಿಲ್ಲುತ್ತದೆ. ಹಳೆಯದು ಯಾವುದೋ ಊರಿಗೆ ಹೋಗುತ್ತದೆ, ಜೊತೆಗೆ ಸುಳ್ಳೂ ಹೋಗುತ್ತದೆ. ಹಾವೂ ಸಾಯದು, ಕೋಲೂ ಮುರಿಯದು. ಯಾವ ದೇವರಿಗೆ ಕೈ ಮುಗಿಯಬೇಕೆಂದು ತಿಳಿಯದೆ ಸ್ಟೀರಿಂಗನ್ನೇ ಗಟ್ಟಿಯಾಗಿ ಹಿಡಿದಳು.

ಅಷ್ಟರಲ್ಲಿ ಬೆಲೆ ಕಟ್ಟುವವನು ಫಾರಂ ಹಿಡಿದು ಒಳಗೆ ಬಂದ. ಹಳೆಯ ಗಾಡಿಯ ಬಣ್ಣದ ಮಾತೆತ್ತಬೇಡಿ ಎಂದು ಅವಳು ಮಾರಾಟದ ಹುಡುಗಿಗೆ ಮುಂಚೆಯೇ ಫೋನಿನಲ್ಲಿ ಹೇಳಿಟ್ಟಿದ್ದಳು. ಈ ಮನುಷ್ಯನಿಗೆ ಯಾರೂ ಹೇಳಿರಲಿಲ್ಲ.

"ಅಮ್ಮಾ, ಇಲ್ಲೊಂದು ತೊಡಕಿದೆ. ಗಾಡಿಗೆ ಬಣ್ಣ ಬದಲಾಯಿಸಿದ್ರಾ?"

"ಇಲ್ವಲ್ಲ," ಎಂದರು ಮಾಸ್ತರು, ಅವಳಿಗಿಂತ ಮುಂಚೆ.

"ಮತ್ತೆ ನೀವೇ ಫಾರಂನಲ್ಲಿ ನೀಲಿ ಅಂತ ಬರ್ದಿದೀರ. ಆರ್‌ಸಿ ಪುಸ್ತಕದಲ್ಲಿ ಬೂದು ಅಂತಿದೆ. ಗಾಡೀನೂ ಬೂದೇ ಇದೆ. ಹೀಗೆ ಒಂದಕ್ಕೊಂದು ತಾಳೆ ಆಗದಿದ್ರೆ ನಾವು ತಗೊಳಕಾಗಲ್ಲ."

ಅವಳು ಫಾರಂ ನೋಡಿದಳು. ಬಣ್ಣ ಎಂಬಲ್ಲಿ, ತನ್ನದೇ ದುಂಡು ಅಕ್ಷರದಲ್ಲಿ, ನೀಲಿ. ಬೆಳಗ್ಗೆ ಬಂದೊಡನೆ ತುಂಬಿ ಕೊಟ್ಟದ್ದು. ಬರೆಯುವಾಗ ಕೈ ತಡೆದಿರಲೂ ಇಲ್ಲ. ಊರವರೆಲ್ಲರನ್ನೂ ಎಚ್ಚರಿಸಿದವಳು ತನ್ನ ಕೈಯನ್ನು ಎಚ್ಚರಿಸಲು ಮರೆತಿದ್ದಳು.

ಮಾರಾಟದ ಹುಡುಗಿ ಬೆಲೆ ಕಟ್ಟುವವನ ತೋಳು ಹಿಡಿದು ಆಚೆ ಎಳೆದುಕೊಂಡು ಹೋದಳು.

"ಬೂದು," ಎಂದರು ಮಾಸ್ತರು.

"ರೀ..."

"ಯಾವ ಬೂದು? ಒಲೆ ಬೂದಿ ಥರಾನಾ?"

"ಒದ್ದೆ ಸ್ಲೇಟಿನ ಥರ."

"ಮೊದಲಿಂದಾನೂ?"

"ಮೊದಲಿಂದಾನೂ."

"ಪುಟ್ಟಿಗೆ ಗೊತ್ತಾ?"

"ಹೂಂ."

"ಮೆಕ್ಯಾನಿಕ್‌ಗೆ? ಪಕ್ಕದ ಮನೆಯವರಿಗೆ?"

ಅವಳು ಒಂದೊಂದಕ್ಕೂ ಹೂಂ ಎಂದಳು. ಅಳು ಬರುತ್ತಿತ್ತು, ಆದರೆ ಅಳುವ ಹಕ್ಕು ತನಗಿಲ್ಲವೆನಿಸಿ ನುಂಗಿಕೊಂಡಳು. "ತಪ್ಪಾಯ್ತು ರೀ. ಆವತ್ತೇ ಹೇಳಬೇಕಿತ್ತು. ನಿಮ್ಮ ಮುಖ ನೋಡಿ ಬಾಯಿ ಬರ್ಲಿಲ್ಲ. ಆಮೇಲೆ ದಿನ ಕಳೆದಂಗೆ ಇನ್ನೂ ಬರ್ಲಿಲ್ಲ."

ಮಾಸ್ತರು ಡ್ಯಾಶ್‌ಬೋರ್ಡಿನ ಮೇಲೆ ಬೆರಳಾಡಿಸುತ್ತಿದ್ದರು. "ನನಗೆ ಸಿಟ್ಟಿಲ್ಲ," ಎಂದರು. ಆಮೇಲೆ, "ಇಲ್ಲ, ಸಿಟ್ಟಿದೆ," ಎಂದರು. "ನಾನು ನಮ್ಮನ್ನ ಮೇಲಿಂದ ನೋಡ್ತಾ ಇದ್ದೆ ಕಣೇ, ದಿನಾ. ಬೀದಿ ಇದೆ, ಪುಟ್ಟದೊಂದು ನೀಲಿ ಗಾಡಿ ಹೋಗ್ತಾ ಇದೆ, ಅದರೊಳಗೆ ನಾವಿಬ್ಬರು. ಹದಿನಾಲ್ಕು ವರ್ಷ ಆ ಗಾಡೀಲಿ ಓಡಾಡಿದೀನಿ. ಈಗ ಅದೆಲ್ಲಿ ಹೋಯ್ತು?"

ಅದು ಎಲ್ಲಿ ಹೋಯಿತೋ ಅವಳಿಗೂ ಗೊತ್ತಿರಲಿಲ್ಲ, ಅವಳೂ ಅದರಲ್ಲೇ ಕೂತಿದ್ದವಳು.

ಸ್ವಲ್ಪ ಹೊತ್ತಾದ ಮೇಲೆ ಹುಡುಗಿ ಬಂದು, ಫಾರಂ ತಿದ್ದಿದರೆ ಸಾಕು, ತೊಂದರೆಯೇನಿಲ್ಲ ಎಂದು ಪಿಸುಗುಟ್ಟಿದಳು. ಓಡಿಸಿ ನೋಡಲು ಇದೇ ಥರದ ಗಾಡಿ ಹೊರಗಿದೆ, ಹಿಂದಿನ ಬೀದಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ, ನಾನು ಗೇಟಿನ ಬಳಿಯೇ ಇರುತ್ತೇನೆ ಎಂದು ಕೀಲಿ ಕೈಗಿಟ್ಟಳು. ಇಬ್ಬರನ್ನೇ ಬಿಡಬೇಕೆಂದು ತಿಳಿಯುವಷ್ಟು ಬುದ್ಧಿ ಆ ಹುಡುಗಿಗಿತ್ತು.

ಗಾಡಿ ಮಂಜಿನೊಳಗೆ ಜಾರಿತು. ಇಂಜಿನ್ನಿನ ಸದ್ದಿಲ್ಲ, ಗುಂಡಿಗೆ ಇಳಿದರೂ ಕುಲುಕಿಲ್ಲ. ಹಳೆಯದರಲ್ಲಿ ಮಾಸ್ತರು ಸದ್ದಿನಿಂದಲೇ ಬೀದಿ ಹೇಳುತ್ತಿದ್ದರು, ಇದು ಸೇತುವೆ, ಇದು ಮಾರುಕಟ್ಟೆ ತಿರುವು ಎಂದು. ಇಂದು ಅವರ ಕೈ ಬಾಗಿಲ ಹಿಡಿಯನ್ನು ಹುಡುಕಿ ಹಿಡಿದುಕೊಂಡಿತು.

"ಎಲ್ಲಿದ್ದೀವಿ?" ಎಂದು ಕೇಳಿದರು. ಅವರು ಹಾಗೆ ಕೇಳಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

ಅವಳು ಹೇಳತೊಡಗಿದಳು. ಹುಷಾರಾಗಿ, ಸಾಕ್ಷಿ ಹೇಳುವವರಂತೆ. "ಎಡಕ್ಕೆ ಉದ್ದ ಗೋಡೆ. ಬಿಳಿ ಅಂತ ಬಳಿದಿದ್ದಾರೆ, ಈಗ ಕೊಳೆಯಾಗಿದೆ. ಗೋಡೆ ಮೇಲೊಂದು ಬೆಕ್ಕು, ಒಂದು ಕಿವಿ ಹರಿದಿದೆ. ಬಲಕ್ಕೆ ದರ್ಜಿ ಅಂಗಡಿ, ಇನ್ನೂ ತೆಗೆದಿಲ್ಲ. ಒಬ್ಬಳು ಮಗೂನ ಎತ್ತಿಕೊಂಡು ಹೋಗ್ತಿದಾಳೆ. ಮಗು ನಮ್ಮನ್ನೇ ನೋಡ್ತಿದೆ."

"ನಗ್ತಿದೆಯಾ?"

ಹೂಂ ಎನ್ನಲು ಬಾಯಿ ತೆರೆದಳು. "ಇಲ್ಲ. ಸುಮ್ಮನೆ ನೋಡ್ತಿದೆ."

ಮಾಸ್ತರು ತಲೆದೂಗಿದರು. ತುಸು ದೂರ ಹೋದ ಮೇಲೆ, "ನನಗೆ ನೀಲಿ ಬೇಡ," ಎಂದರು. "ನೋಡೋಳು ನೀನು. ನಿನಗೆ ಯಾವ ಬಣ್ಣ ಬೇಕು?"

"ಕೆಂಪು," ಎಂದಳು. ಹೇಳಿದ ಮೇಲೆ ಅವಳಿಗೇ ಅಚ್ಚರಿಯಾಯಿತು. "ನನಗೆ ಮೊದಲಿಂದ್ಲೂ ಕೆಂಪು ಗಾಡಿ ಅಂದ್ರೆ ಆಸೆ."

"ಅಯ್ಯೋ ನಿನ್ನ! ಒಂದು ದಿನಾನಾದ್ರೂ ಬಾಯಿ ಬಿಟ್ಟಿದೀಯಾ?" ಅಷ್ಟು ಹೊತ್ತಿಗೆ ಮೊದಲ ಬಾರಿ ಅವರ ದನಿಯಲ್ಲಿ ನಗು ಸುಳಿಯಿತು. ಸುಳಿದು ನಿಂತುಹೋಯಿತು. ಬಾಗಿಲ ಹಿಡಿ ಬಿಟ್ಟು ಅವಳತ್ತ ತಿರುಗಿದರು. "ಹಾಗಾದ್ರೆ ಇನ್ನೊಂದು ಹೇಳು. ನಿನ್ನ ಕೂದಲು?"

ಕೂದಲಿನ ಮಾತು ಹಿಂದೆಯೂ ಬಂದಿತ್ತು. ಅಲ್ಲೊಂದು ಇಲ್ಲೊಂದು ಬಿಳಿ ಬಂದಿದೆ ಅಷ್ಟೇ ಎಂದಿದ್ದಳು. ಅದಾಗಿ ಎಷ್ಟು ವರ್ಷವಾಯಿತೋ. ಅವಳು ಗಾಡಿಯನ್ನು ಮೆಲ್ಲಗೆ ರಸ್ತೆಯಂಚಿಗೆ ತಂದು ನಿಲ್ಲಿಸಿದಳು. ಸೂಚಕ ದೀಪ ಟಿಕ್ ಟಿಕ್ ಎನ್ನುತ್ತಿತ್ತು. ಆ ನಿಶ್ಶಬ್ದದಲ್ಲಿ ಅದೊಂದೇ ಸದ್ದು.

"ಮುಕ್ಕಾಲು ಪಾಲು ಬೆಳ್ಳಗಾಗಿದೆ," ಎಂದಳು. "ಮುಂದೆಯಂತೂ ಪೂರ್ತಿ. ಕಣ್ಣ ಕೆಳಗೆ ಕಪ್ಪಾಗಿದೆ. ಕೆನ್ನೆ ಮೇಲೊಂದು ಕಂದು ಮಚ್ಚೆ ಎದ್ದಿದೆ, ಎಡಗಡೆ, ಹುಣಸೆ ಬೀಜದಷ್ಟು. ಬಾಯಿ ಎರಡೂ ಕಡೆ ಗೆರೆ. ನೀವು ಅಂದ್ಕೊಂಡಿರೋ ಹಾಗೆ ನಾನಿಲ್ಲ ರೀ."

ಮಾಸ್ತರು ಸೀಟಿಗೆ ತಲೆಯಾನಿಸಿ ರೆಪ್ಪೆ ಮುಚ್ಚಿದರು. ಬಿಗಿದ ತಂತಿ ತನ್ನ ಸ್ವರದಲ್ಲಿ ನೆಲೆಯಾಗುವವರೆಗೆ ಕಾಯುವಾಗ ಹೀಗೇ ಕೂರುತ್ತಿದ್ದರು, ಆಗ ಯಾರೂ ಮಾತಾಡುವಂತಿರಲಿಲ್ಲ. ಅವಳು ಕಾದಳು. ಹೊರಗೆ ಮಂಜು ಗಾಜಿಗೆ ಅಂಟಿ ಹನಿಯಾಗಿ ಇಳಿಯುತ್ತಿತ್ತು.

"ಹೊರಡಲಾ?" ಎಂದಳು ಕೊನೆಗೆ.

"ಇರು," ಎಂದರು ಮಾಸ್ತರು ಕಣ್ಣು ತೆರೆಯದೆ. "ಅಲ್ಲಾಡಬೇಡ. ನಿನ್ನ ಮುಖ ಇನ್ನೂ ಅರ್ಧಾನೇ ಆಗಿರೋದು."

ಅವಳು ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು, ಮುಖ ಒರೆಸಿಕೊಂಡಳು, ಅವರತ್ತ ತಿರುಗಿ ಬೆನ್ನು ನೆಟ್ಟಗೆ ಮಾಡಿ ಅಲುಗಾಡದೆ ಕೂತಳು.