ಚೊಂಬಿನ ನೀರಿಗೆ ಆರಿದ ಬೆಳಕು

ನಾನು ಮಸಿಯ ಒಂದು ಕಣ. ಒಲೆಯ ಹಿಂದಿನ ಗೋಡೆಗೆ ಹತ್ತುವ ಮಸಿಯಲ್ಲ. ದಾವಣಗೆರೆಯ ಒಂದು ಕಾಲೇಜಿನಲ್ಲಿ ನಾಜನೀನ್ ಮೇಡಂ ನಿಂಬೆರಸವನ್ನು ಉಕ್ಕಿನ ಡಬ್ಬಿಯಲ್ಲಿ ಬಿಗಿದು, ಕಾಯಿಸಿ ಕಂದಿಸಿ ನನ್ನನ್ನು ಹುಟ್ಟಿಸಿದರು. ಕಣ್ಣಿಗೆ ಕಾಣುವವಳಲ್ಲ ನಾನು. ಆದರೆ ಖೋಟಾ ನೋಟು ಹಿಡಿಯುವಂಥ ನೇರಳೆ ದೀಪ ಬಿಟ್ಟರೆ ನೀಲಿಯಾಗಿ ಹೊಳೆಯುತ್ತೇನೆ.

ಗುಂಪಾಗಿ ಬಿಟ್ಟರೆ ನಾವು ಒಬ್ಬರಿಗೊಬ್ಬರು ಅಂಟಿಕೊಂಡು ಮಂಕಾಗುತ್ತೇವೆ. ಅದಕ್ಕೇ ಮೇಡಂ ಒಂದು ಬಿಳಿ ಮಣಿ ತಂದರು. ಸೆಟ್ ದೋಸೆಯ ಹಾಗೆ ಅದರ ಮೈತುಂಬ ಕಣ್ಣು. ಒಂದೊಂದು ಕಣ್ಣಿನಲ್ಲಿ ಒಬ್ಬೊಬ್ಬರನ್ನು ಕೂರಿಸಿದರು. ನೀರು ಒಳಗೆ ಬರುತ್ತದೆ, ಹೋಗುತ್ತದೆ. ನನಗೆ ಮಾತ್ರ ಆ ಬಾಗಿಲು ಸಾಲದು. ಪಕ್ಕದ ಕೋಣೆಯಲ್ಲೇ ಒಡಹುಟ್ಟಿದವಳಿದ್ದಾಳೆ, ಮುಟ್ಟುವಂತಿಲ್ಲ. ನನಗಿರುವ ಕೆಲಸ ಒಂದೇ, ನೀರಿನಲ್ಲಿ ತಾಮ್ರ ಬಂದರೆ ಆರಿಹೋಗುವುದು.

ಊರಾಚೆ ಒಂದು ಕೇರಿ. ಅದರ ಬೆನ್ನಿಗೇ ಪಾತ್ರೆಗಳಿಗೆ ತಾಮ್ರದ ಲೇಪ ಹಾಕುವ ಶೆಡ್ಡು. ಅಲ್ಲಿಯ ಹೊಲಸು ಕೇರಿಯ ಬೋರಿಗಿಳಿದಿದೆ ಅಂತ ಸುದ್ದಿ. ನಿಜವಾದರೆ ಬೋರಿಗೆ ಬೀಗ, ಆಮೇಲೆ ಜನ ರೈಲು ಹಳಿ ದಾಟಿ ನೀರು ತರಬೇಕು. ಅದನ್ನು ನೋಡಲೆಂದೇ ಮೇಡಂ ನಮ್ಮನ್ನು ಹೊತ್ತು ಅಲ್ಲಿಗೆ ಬಂದರು.

ಬೋರಿನ ಪಕ್ಕದ ಮನೆಯ ಹಾಲಮ್ಮಜ್ಜಿ ಚೊಂಬು ಮುಂದಿಟ್ಟಳು. "ಬೋರಿನ ನೀರು ನಿನ್ನೇನೇ ತುಂಬಿಟ್ಟೀನಿ, ತಗಳವ್ವ."

ಮೇಡಂ ಆ ನೀರನ್ನು ಗಾಜಿನ ಕೊಳವೆಗೆ ಸುರಿದು, ನಮ್ಮ ಮಣಿಯನ್ನು ಬಿಟ್ಟರು. ತಾಮ್ರ ನೇರ ನನ್ನ ಕೋಣೆಗೆ ಬಂತು, ನನ್ನನ್ನು ಹಿಡಿದುಕೊಂಡಿತು. ಆರಿಹೋದೆ. ಅದು ಬೋರಿನದಲ್ಲ, ಚೊಂಬಿನದು ಅಂತ ನನಗೆ ಗೊತ್ತು. ಹೇಳುವುದು ಹೇಗೆ? ನನಗಿದ್ದ ಮಾತು ಆರುವುದೊಂದೇ, ಅದನ್ನು ಆಡಿಯಾಗಿತ್ತು.

ದೀಪ ಬಿಟ್ಟರೂ ಮಣಿ ಹೊಳೆಯದ್ದು ಕಂಡು, ಬೋರು ನೋಡಿಕೊಳ್ಳುವ ನೀರಗಂಟಿ ಚೌಡಪ್ಪ ಜೇಬಿನಿಂದ ಬೀಗ ತೆಗೆದ. "ಇನ್ನು ಹಳಿ ದಾಟೋದೇ, ಅಜ್ಜಿ."

"ನನ್ನ ಮೊಣಕಾಲು ನೀನು ಹೊತ್ಕಂಡು ಬರ್ತೀಯೇನಪ್ಪ?" ಅಂದಳು ಅಜ್ಜಿ. ಆಮೇಲೆ ಮೇಡಂ ಕಡೆ ತಿರುಗಿದಳು. "ನಾವು ಕುಡಿಯೋದು ಪ್ಲಾಸ್ಟಿಕ್ ಕೊಡದಾಗೆ. ನೀವು ಬರ್ತೀರಂತ ತಾಮ್ರದ ಚೊಂಬು ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ತುಂಬಿಟ್ಟೆ. ಇಷ್ಟು ಮರ್ಯಾದಿ ಮಾಡಿದ್ದಕ್ಕೆ ಬೀಗ ತಂದ್ರಿ."

ಮೇಡಂ ಚೊಂಬಿನೊಳಗೆ ಬಗ್ಗಿ ನೋಡಿದರು. ಹಣೆ ಚಚ್ಚಿಕೊಂಡು ಎದ್ದರು. ಹೊಸ ಕೊಳವೆ, ಹೊಸ ಮಣಿ ತೆಗೆದು, ನೇರ ಬೋರಿನ ನಲ್ಲಿಗೇ ಹಿಡಿದರು. ದೀಪ ಬಿಟ್ಟರೆ ಆ ಮಣಿ ನೀಲಿಯಾಗಿ ಹೊಳೆಯುತ್ತಲೇ ಇತ್ತು. ಚೌಡಪ್ಪನ ಬೀಗ ಜೇಬಿಗೆ ವಾಪಸಾಯಿತು.

"ಚಾ ಚೊಂಬಿನಾಗೆ ಕೊಡ್ಲಾ?" ಅಂದಳು ಅಜ್ಜಿ.

"ಲೋಟದಲ್ಲೇ ಕೊಡಜ್ಜಿ," ಅಂದರು ಮೇಡಂ.

ಕಾಲೇಜಿಗೆ ಬಂದ ಮೇಲೆ ಮೇಡಂ ನನ್ನನ್ನು ತೊಳೆದರು, ಮತ್ತೆ ತೊಳೆದರು. ತಾಮ್ರ ಬಿಡಲಿಲ್ಲ. ಈಗ ಮೇಜಿನ ಖಾನೆಯಲ್ಲಿದ್ದೇನೆ. ನನ್ನ ಕೋಣೆಯಲ್ಲಿ ನಾವಿಬ್ಬರು, ಹೊರಗೆ ಹೋಗುವ ದಾರಿ ಇಬ್ಬರಿಗೂ ಇಲ್ಲ. ಬೈಯೋಣವೆಂದರೆ ಬಾಯಿ ಬರುವುದಿಲ್ಲ. ಬಂದವರಿಗೆಂದು ಅಜ್ಜಿ ತಿಕ್ಕಿ ತಿಕ್ಕಿ ಹೊಳೆಸಿದ ಮರ್ಯಾದೆಯ ಚೂರು ಅದು. ಕತ್ತಲಲ್ಲಿ ಅದಕ್ಕೂ ಒಂದಿಷ್ಟು ಜಾಗ ಬಿಟ್ಟು ಕೂತಿದ್ದೇನೆ.