ಬಾಡಿಗೆ ಕಾರಿನ ಕ್ಯಾಪ್ಟನ್

ಪಿರೇಯಸ್ ಬಂದರು ಕಿಟಕಿಯಲ್ಲಿ ಕಾಣಿಸಿಕೊಂಡಾಗ ಪೊಲಿಕ್ಸೇನಿಯ ಗಂಡ ಸ್ತಮಾತಿಸ್ ಹಡಗಿನ ಕೋಣೆಯಲ್ಲಿ ಪಟ್ಟೆಪಟ್ಟೆ ಪೈಜಾಮ ತೊಟ್ಟು ಮಂಚದ ಕೆಳಗೆ ಇಣುಕುತ್ತಿದ್ದ.

“ನನ್ನ ಪ್ಯಾಂಟ್ ಎಲ್ಲೇ?”

“ಸೂಟ್‌ಕೇಸಲ್ಲಿ.”

“ಸೂಟ್‌ಕೇಸ್ ಎಲ್ಲಿ?”

“ನಿನ್ನೆ ನೀನೇ ಬಾಗಿಲ ಹೊರಗೆ ಇಟ್ಯಲ್ಲ ಮಹಾರಾಯ, ಕೆಂಪು ಚೀಟಿ ಕಟ್ಟಿ. ಹಡಗಿನವರು ತಗೊಂಡು ಹೋದ್ರು. ಇನ್ನು ಅದು ಸಿಗೋದು ಕೆಳಗೆ ಇಳಿದ ಮೇಲೇ.”

ಸ್ತಮಾತಿಸ್ ಮಂಚದ ಮೇಲೆ ಕುಸಿದು ಕೂತ. ವೊಲೊಸ್‌ನಲ್ಲಿ ದೂರದೂರಿನ ಬಸ್ಸುಗಳ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದ ಮನುಷ್ಯ. ಪ್ರಯಾಣದ ವಿಷಯದಲ್ಲಿ ತನಗೆ ಬುದ್ಧಿ ಹೇಳುವವರು ಭೂಮಿಯ ಮೇಲೆ ಹುಟ್ಟಿಲ್ಲ ಎಂದೇ ಅವನ ನಂಬಿಕೆ. ಹಡಗಿನಲ್ಲಿದ್ದ ವಾರವಿಡೀ ಉಳಿದವರು ಈಜುಕೊಳದ ಪಕ್ಕ ಬಿಸಿಲು ಕಾಯುತ್ತಿದ್ದರೆ ಇವನು ನಕ್ಷೆ ಹರಡಿಕೊಂಡು, ಇಳಿದ ಮೇಲೆ ಏನೇನು ಮಾಡಬೇಕೆಂದು ಯೋಜನೆ ಹಾಕುತ್ತಿದ್ದ. ಬಂದರಿನಲ್ಲೇ ಬಾಡಿಗೆ ಕಾರು. ಅಲ್ಲಿಂದ ಕೊರಿಂಥ್, ಕಾಲುವೆಯ ಹತ್ತಿರ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ ತಿಂದು ಕಾಫಿ. ಆಮೇಲೆ ಬೆಟ್ಟ ಹತ್ತಿಳಿದು ಎರ್ಮಿಯೋನಿ ಪಕ್ಕದ ಹಳ್ಳಿ. ಸಂಜೆ ಅಲ್ಲಿ ಅವನ ತಂಗಿಯ ಮಗಳ ಮದುವೆ, ವಧೂವರರ ತಲೆಯ ಮೇಲೆ ಕಿರೀಟ ಅದಲುಬದಲು ಮಾಡುವ ಹಿರಿತನ ಅವನದೇ. ಎಲ್ಲವನ್ನೂ ಯೋಚಿಸಿದ್ದ, ಬೆಳಿಗ್ಗೆ ತೊಡುವ ಪ್ಯಾಂಟೊಂದನ್ನು ಬಿಟ್ಟು.

“ಒಂದು ಜೊತೆ ಬಟ್ಟೆ ಹೊರಗಿಟ್ಕೋ ಅಂತ ನಾನು ಬಡ್ಕೊಂಡೆ,” ಎಂದಳು ಪೊಲಿಕ್ಸೇನಿ.

“ಬಡ್ಕೊಂಡೆ, ಆದ್ರೆ ಸರಿಯಾಗಿ ಬಡ್ಕೊಳ್ಳಲಿಲ್ಲ.”

ಪಕ್ಕದ ಕೋಣೆಯಿಂದ ಅವನ ಅಕ್ಕ ಎವಾಂಥಿಯಾ ಬಂದಳು. ಮಂಡಿನೋವಿನ ದೊಡ್ಡ ಹೆಂಗಸು. ತಮ್ಮನನ್ನು ಮೇಲಿಂದ ಕೆಳಗೆ ನೋಡಿ, “ಹೀಗೇ ಇಳಿ. ಆಸ್ಪತ್ರೆಯಿಂದ ತಪ್ಪಿಸ್ಕೊಂಡು ಬಂದವನು ಅಂತ ತಿಳ್ಕೊಂಡು ಜನ ದಾರಿ ಬಿಡ್ತಾರೆ,” ಎಂದಳು.

ಕೊನೆಗೆ ಕೋಣೆ ಗುಡಿಸುವ ಹುಡುಗಿಗೆ ಕನಿಕರ ಹುಟ್ಟಿತು. ಓಡಿಹೋಗಿ ಹಡಗಿನ ನಾಟಕ ತಂಡದವರಿಂದ ಒಂದು ಹಳೆಯ ವೇಷ ಕೇಳಿ ತಂದಳು. ಬಿಳಿ ಪ್ಯಾಂಟು, ಬಿಳಿ ಕೋಟು, ಭುಜದ ಮೇಲೆ ಚಿನ್ನದ ಪಟ್ಟಿ, ಅಂಗೈಯಷ್ಟು ದೊಡ್ಡ ಲಂಗರು ಹೊಲಿದ ಟೋಪಿ. ಹಾಸ್ಯನಾಟಕದ ಕ್ಯಾಪ್ಟನ್ನನ ಉಡುಪು ಅದು. ಪ್ಯಾಂಟು ಕಣಕಾಲಿನಿಂದ ಗೇಣುದ್ದ ಮೇಲೇ ನಿಂತಿತು.

“ಟೋಪಿ ಬೇಡ,” ಎಂದಳು ಪೊಲಿಕ್ಸೇನಿ.

ಸ್ತಮಾತಿಸ್ ಕನ್ನಡಿ ನೋಡಿದ. ಟೋಪಿ ಇಟ್ಟುಕೊಂಡ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. “ಬಿಸಿಲು ಜಾಸ್ತಿ ಇದೆ ಕಣೇ,” ಎಂದ.

ಕೆಳಗೆ ಸಾಮಾನಿನ ರಾಶಿಯಲ್ಲಿ ಕೆಂಪು ಚೀಟಿಯ ಕಪ್ಪು ಸೂಟ್‌ಕೇಸ್ ಒಂದೇ ಉಳಿದಿತ್ತು. ಸ್ತಮಾತಿಸ್ ಅದನ್ನು ತೆರೆದರೆ ಒಳಗೆ ರೋಡ್ಸ್ ದ್ವೀಪದ ಸಾಬೂನು, ಒಬ್ಬ ಭಾರಿ ಗಾತ್ರದ ಹೆಂಗಸಿನ ಈಜುಡುಪು, ಮತ್ತೆ ಸಾಬೂನು. ಇವನದನ್ನು ಬೇರೆ ಯಾರೋ ಎಳೆದುಕೊಂಡು ಹೋಗಿದ್ದರು. ಬಂದರಿನವರು ಚೀಟಿ ನೋಡಿ ಫೋನ್ ಹಚ್ಚಿದರೆ ಆ ಹೆಂಗಸು ಆಗಲೇ ಲಾರಿಸಾ ರೈಲಿನಲ್ಲಿ ಕೂತು ಮೊಸರಿನ ಕಡುಬು ತಿನ್ನುತ್ತಿದ್ದಳು. ಸೂಟ್‌ಕೇಸ್ ವಾಪಸ್ ಕಳಿಸುತ್ತೇನೆ, ಆದರೆ ಸೋಮವಾರಕ್ಕೆ ಮೊದಲು ಆಗುವುದಿಲ್ಲ ಎಂದಳಂತೆ. ಮದುವೆಯ ಸೂಟು, ಪ್ಯಾಂಟು, ಪ್ಯಾಂಟಿನ ಜೇಬಿನಲ್ಲಿದ್ದ ಡ್ರೈವಿಂಗ್ ಲೈಸೆನ್ಸ್ ಎಲ್ಲವೂ ಲಾರಿಸಾಗೆ ಹೊರಟಿದ್ದವು. ಮದುವೆಯ ಕಿರೀಟಗಳು ಮಾತ್ರ ಪೊಲಿಕ್ಸೇನಿಯ ಕೈಚೀಲದಲ್ಲಿ ಕ್ಷೇಮವಾಗಿದ್ದವು.

ಇದೆಲ್ಲ ನಡೆಯುವಾಗ ಪ್ರಯಾಣಿಕರು ಸ್ತಮಾತಿಸ್‌ನ ಸುತ್ತ ನೆರೆಯತೊಡಗಿದ್ದರು.

“ಕ್ಯಾಪ್ಟನ್, ಪಾಯಿಖಾನೆ ಎಲ್ಲಿ?”

“ಎಡಗಡೆ,” ಎಂದ ಸ್ತಮಾತಿಸ್. ಅವನಿಗೂ ಗೊತ್ತಿರಲಿಲ್ಲ.

“ಕ್ಯಾಪ್ಟನ್, ಗುರುವಾರದ ಮೀನು ಚೆನ್ನಾಗಿರಲಿಲ್ಲ!” ಎಂದು ಒಬ್ಬಳು ಮುದುಕಿ ಕೊಡೆಯ ತುದಿಯಿಂದ ಅವನ ಎದೆಗೆ ತಿವಿದಳು.

“ನೋಡಮ್ಮಾ, ಅದು ನನ್ನ ಗಮನಕ್ಕೂ ಬಂದಿದೆ,” ಎಂದ ಇವನು ಗಂಭೀರವಾಗಿ.

ಪೊಲಿಕ್ಸೇನಿ ತೋಳು ಹಿಡಿದು ಎಳೆದಳು. “ಬಾ ಇಲ್ಲಿ. ಇನ್ನು ಸ್ವಲ್ಪ ಹೊತ್ತು ಬಿಟ್ರೆ ಹಡಗನ್ನೇ ಮಾರಿಬಿಡ್ತೀಯ.”

ಬಾಡಿಗೆ ಕಾರಿನ ಅಂಗಡಿ ಬಂದರಿನ ಗೇಟಿನ ಎದುರಿಗೇ ಇತ್ತು. ಅಲ್ಲಿದ್ದ ಝಿನೋವಿಯಾ ಎಂಬ ತರುಣಿ ಟೋಪಿ ನೋಡಿ ಎದ್ದು ನಿಂತಳು. ಲೈಸೆನ್ಸ್ ಇಲ್ಲ ಎಂದು ತಿಳಿದದ್ದೇ ಕೂತಳು.

“ಲೈಸೆನ್ಸ್ ಇಲ್ದೆ ಆಗಲ್ಲ, ಕ್ಯಾಪ್ಟನ್.”

“ಮುಖ ನೋಡಿದ್ರೆ ಗೊತ್ತಾಗಲ್ವೇನಮ್ಮಾ?”

“ಮುಖಕ್ಕೆ ಕಾರು ಕೊಡೋ ಹಾಗಿದ್ರೆ ಸಿನಿಮಾದವರೆಲ್ಲ ಇಲ್ಲೇ ಇರ್ತಿದ್ರು.”

ಪೊಲಿಕ್ಸೇನಿ ಕೈಚೀಲ ತೆರೆದು ತನ್ನ ಲೈಸೆನ್ಸನ್ನು ಮೇಜಿನ ಮೇಲಿಟ್ಟಳು. ಮದುವೆಯಾದ ಹೊಸತರಲ್ಲಿ ತೆಗೆಸಿಕೊಂಡದ್ದು. ಆಗ ಒಂದು ಸಲ ಚರ್ಚಿನ ಗೋಡೆಗೆ ಹಿಂಬದಿಯಿಂದ ಗುದ್ದಿದ ಮೇಲೆ ಸ್ತಮಾತಿಸ್ ಅವಳ ಕೈಗೆ ಸ್ಟೇರಿಂಗ್ ಕೊಟ್ಟೇ ಇರಲಿಲ್ಲ. ಬ್ಯಾಂಕಿನಲ್ಲಿ ಗುರುತು ತೋರಿಸುವುದಕ್ಕಷ್ಟೇ ಅದು ಕೆಲಸಕ್ಕೆ ಬರುತ್ತಿತ್ತು. ಆದರೂ ಅವಧಿ ಮುಗಿಯದಂತೆ ತಪ್ಪದೆ ನವೀಕರಿಸಿಕೊಂಡು ಬಂದಿದ್ದಳು. ಯಾಕೆಂದು ಅವಳೂ ಯೋಚಿಸಿರಲಿಲ್ಲ.

“ಇವಳಾ?” ಎಂದ ಸ್ತಮಾತಿಸ್. “ಇವಳಿಗೆ ರಿವರ್ಸೇ ಬರಲ್ಲ!”

“ಮದುವೆ ಮುಂದೆ ಇದೆಯಲ್ಲ,” ಎಂದಳು ಪೊಲಿಕ್ಸೇನಿ. “ಹಿಂದಕ್ಕೆ ಯಾಕೆ ಹೋಗ್ಬೇಕು?”

ಎವಾಂಥಿಯಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಅವರು ಕೇಳಿದ್ದು ಮಧ್ಯಮ ಗಾತ್ರದ ಕಾರು, “ಅಥವಾ ಅಂಥದ್ದೇ ಇನ್ನೊಂದು.” ಸಿಕ್ಕಿದ್ದು ಅಂಥದ್ದೇ ಇನ್ನೊಂದು: ನಿಂಬೆಹಣ್ಣಿನ ಬಣ್ಣದ, ಹೆಚ್ಚುಕಡಿಮೆ ನಿಂಬೆಹಣ್ಣಿನದೇ ಗಾತ್ರದ ಕಾರು. ಹಿಂದಿನ ಸೀಟಿಗೆ ಎವಾಂಥಿಯಾಳನ್ನು ತುಂಬಿ, ಉಳಿದ ಸಂದಿಗಳಿಗೆ ಅವಳ ಪೆಟ್ಟಿಗೆಗಳನ್ನು ತುರುಕಿದರು.

“ಒಂದು ಮಾತು,” ಎಂದು ಝಿನೋವಿಯಾ ಕಿಟಕಿಯೊಳಗೆ ಬಗ್ಗಿದಳು. “ನಮ್ಮನ್ನ ಕೇಳ್ದೆ ಕಾರನ್ನ ಹಡಗಿಗೆ ಮಾತ್ರ ಹತ್ತಿಸ್ಬೇಡಿ.”

“ನಮಗ್ಯಾಕಮ್ಮಾ ಹಡಗು?” ಎಂದ ಸ್ತಮಾತಿಸ್. “ಹಡಗು ಸಾಕಾಗೇ ಇಳಿದಿರೋದು.”

ಪೊಲಿಕ್ಸೇನಿ ಗೇರ್ ಹಾಕಿದಳು. ಕಾರು ಕಪ್ಪೆಯಂತೆ ಹಾರಿ ನಿಂತಿತು. ಮತ್ತೆ ಹಾರಿತು, ಮತ್ತೆ ನಿಂತಿತು. ಹಿಂದೆ ಲಾರಿಗಳ ಹಾರನ್ ಶುರುವಾಯಿತು. ಭಯದ ಜೊತೆಗೇ ಅವಳಿಗೆ ಒಳಗೆಲ್ಲೋ ಕಚಗುಳಿ ಇಟ್ಟಂತೆಯೂ ಆಗುತ್ತಿತ್ತು.

“ಬಲಕ್ಕೆ! ಬಲಕ್ಕೆ ಕಣೇ! ಕೊರಿಂಥ್ ಬಲಕ್ಕೆ!”

ಬಲಕ್ಕೆ ಒಂದು ಬಸ್ಸು ಅಡ್ಡ ನಿಂತಿತ್ತು. ಎಡಕ್ಕೆ ಗೇಟು ತೆರೆದಿತ್ತು. ಅವಳು ಎಡಕ್ಕೆ ಹೋದಳು. ಗೇಟಿನ ಕಾವಲುಗಾರ ಚಿನ್ನದ ಪಟ್ಟಿ ಕಂಡದ್ದೇ ಸೆಲ್ಯೂಟ್ ಹೊಡೆದು, ಸಾಲಿನಲ್ಲಿದ್ದ ಲಾರಿಗಳನ್ನು ತಡೆದು, ಇವರಿಗೆ ಮುಂದೆ ಹೋಗಲು ಕೈ ಬೀಸಿದ. ಸ್ತಮಾತಿಸ್‌ನ ಕೈ ತನ್ನಷ್ಟಕ್ಕೆ ತಾನೇ ಹಣೆಗೆ ಹೋಗಿ ಸೆಲ್ಯೂಟ್ ತಿರುಗಿಸಿತು.

“ಸೆಲ್ಯೂಟ್ ಹೊಡೀಬೇಡ, ದಾರಿ ನೋಡು!” ಎಂದು ಪೊಲಿಕ್ಸೇನಿ ಕಿರುಚಿದಳು.

ಎದುರಿಗೆ ಒಂದು ಕಬ್ಬಿಣದ ಇಳಿಜಾರು. ಅದರ ತುದಿಯಲ್ಲಿ ದೊಡ್ಡ ಕತ್ತಲೆ ಬಾಯಿ. ಉಳಿದ ಕಾರುಗಳೆಲ್ಲ ಹಿಂದುಮುಂದಾಗಿ, ರಿವರ್ಸಿನಲ್ಲಿ ಅದರೊಳಗೆ ಹೋಗುತ್ತಿದ್ದವು. ಇಳಿಜಾರಿನ ಬುಡದಲ್ಲಿದ್ದ ಮೀಸೆಯ ಖಲಾಸಿ ಇವರನ್ನೂ ತಿರುಗಿಸಲು ಹೇಳಬೇಕೆಂದು ಕೈ ಎತ್ತಿದ, ಟೋಪಿ ಕಂಡ, ಕೈ ಇಳಿಸಿ ಪಕ್ಕಕ್ಕೆ ಸರಿದ. ನಿಲ್ಲಿಸಿದರೆ ಮತ್ತೆ ಕಪ್ಪೆಯಾಗುತ್ತದೆ ಎಂಬ ಭಯಕ್ಕೆ ಪೊಲಿಕ್ಸೇನಿ ನಿಲ್ಲಿಸಲೇ ಇಲ್ಲ. ನಿಂಬೆಹಣ್ಣು ಮೂತಿ ಮುಂದಾಗಿ ಹಡಗಿನ ಹೊಟ್ಟೆ ಸೇರಿತು. ಹಿಂದೆ ಎರಡು ಲಾರಿ ಬಂದು ನಿಂತವು. ಸರಪಳಿ ಕಿರುಗುಟ್ಟಿತು, ಬಾಗಿಲು ಮೇಲೆದ್ದಿತು.

ಪೊಲಿಕ್ಸೇನಿ ಇಂಜಿನ್ ಆರಿಸಿದಳು.

“ಈಗ ತಾನೇ ಇಳಿದದ್ದಲ್ವಾ ನಾವು?” ಎಂದು ಪೆಟ್ಟಿಗೆಗಳ ನಡುವಿನಿಂದ ಎವಾಂಥಿಯಾ ಕೇಳಿದಳು.

ಮೇಲೆ ಹೋಗಿ ವಿಚಾರಿಸಿದರೆ ಅದು ಎಗಿನಾ ದ್ವೀಪದ ಕಡೆಯ ಹಡಗು. ಟಿಕೆಟನ್ನು ಒಳಗೇ ಕೊಂಡದ್ದಾಯಿತು. ಪೊಲಿಕ್ಸೇನಿ ಝಿನೋವಿಯಾಗೆ ಫೋನ್ ಮಾಡಿ, ತಪ್ಪಿ ಹತ್ತಿಬಿಟ್ಟೆವು ಎಂದು ಹೇಳಿದಳು. ಆ ಕಡೆಯಿಂದ ಕಾಗದ ಮಗುಚುವ ಸದ್ದು ಕೇಳಿಸಿತು. ಕೊನೆಗೆ, “ಸರಿ ಆಂಟಿ, ಬರ್ಕೊಂಡೆ. ಕಾರನ್ನ ಒಣಗಿರೋ ಹಾಗೇ ವಾಪಸ್ ತನ್ನಿ,” ಎಂದು ಉತ್ತರ ಬಂತು.

ಸ್ತಮಾತಿಸ್ ಬೆಂಚಿನ ಮೇಲೆ ಟೋಪಿಯನ್ನು ಮಡಿಲಲ್ಲಿಟ್ಟು ಕೂತಿದ್ದ. “ಎಗಿನಾ! ಅಲ್ಲಿಂದ ವಾಪಸ್ ಬಂದು ಕೊರಿಂಥ್ ದಾರಿ ಹಿಡಿಯೋ ಹೊತ್ತಿಗೆ ಅವರಿಗೆ ಮಗುವಾಗಿರತ್ತೆ,” ಎಂದ.

ಅಷ್ಟರಲ್ಲಿ ಬಿಳಿ ಅಂಗಿಯ ಕುಳ್ಳ ಮನುಷ್ಯನೊಬ್ಬ ಕೈ ಚಾಚಿಕೊಂಡು ಬಂದ. “ನಮ್ಮ ಹಡಗಲ್ಲಿ ಕ್ಯಾಪ್ಟನ್ ಒಬ್ರು ಬಂದಿದಾರೆ ಅಂದ್ರು. ನಾನು ಇಲ್ಲಿನ ಕ್ಯಾಪ್ಟನ್. ತಾವು ಯಾವ ಹಡಗು?”

ಸ್ತಮಾತಿಸ್ ಎದ್ದುನಿಂತ. “ದೊಡ್ಡದು,” ಎಂದ.

“ಎಷ್ಟು ಟನ್?”

ಸ್ತಮಾತಿಸ್ ಸಮುದ್ರ ನೋಡಿದ. ಹೆಂಡತಿಯನ್ನು ನೋಡಿದ. ಅವಳು ಬೇಕೆಂದೇ ಒಂದು ಕಡಲಹಕ್ಕಿಯ ಮೇಲೆ ಕಣ್ಣು ನೆಟ್ಟಿದ್ದಳು. ಆದರೂ ಗಂಡನ ಕಿವಿಯವರೆಗೆ ಕೆಂಪಾದ ಮುಖ ಓರೆಗಣ್ಣಿಗೆ ಕಂಡು ಅವಳಿಗೆ ಒಳಗೊಳಗೇ ಪಾಪ ಅನ್ನಿಸಿತು.

“ನಾನು ಬಸ್ಸಿನವನು ಸ್ವಾಮೀ,” ಎಂದ ಸ್ತಮಾತಿಸ್. “ಟಿಕೆಟ್ ಚೆಕ್ ಮಾಡ್ತಿದ್ದೆ. ಇದು ನಾಟಕದವರ ಬಟ್ಟೆ. ಪೈಜಾಮದಲ್ಲಿ ಇಳಿಯೋಕೆ ನಾಚಿಕೆ ಆಯ್ತು.”

ನಿಜವಾದ ಕ್ಯಾಪ್ಟನ್ ನಕ್ಕ ರಭಸಕ್ಕೆ ಕೆಮ್ಮು ಬಂದು ಕಂಬ ಹಿಡಿದುಕೊಳ್ಳಬೇಕಾಯಿತು. ಮೂವರನ್ನೂ ಚುಕ್ಕಾಣಿಯ ಕೋಣೆಗೆ ಕರೆದೊಯ್ದು ಕಾಫಿ ಕೊಡಿಸಿ, ಮತ್ತೆ ಮೊದಲಿಂದ ಹೇಳಿ ಎಂದ. ಹೇಳಿದರು. ಗುರುವಾರದ ಮೀನಿನ ಕತೆಗೆ ಮತ್ತೊಮ್ಮೆ ಕೆಮ್ಮಿದ.

“ಮದುವೆ ಎಲ್ಲಿ ಅಂದ್ರಿ? ಎರ್ಮಿಯೋನಿ ಹತ್ರಾನಾ?” ಎಂದು ಕೇಳಿದ. “ಹಾಗಾದ್ರೆ ಎಗಿನಾದಲ್ಲಿ ಯಾಕೆ ಇಳೀತೀರಿ? ಈ ಹಡಗು ಅಲ್ಲಿಗೇ ನಿಲ್ಲಲ್ಲ, ಮುಂದೆ ಮೆಥಾನಾಕ್ಕೆ ಹೋಗತ್ತೆ. ಅದು ಆಚೆ ದಡ. ಅಲ್ಲಿಂದ ಒಂದು ಗಂಟೆ ದಾರಿ. ಕೊರಿಂಥ್ ಸುತ್ತಿ ಹೋಗೋ ದಡ್ಡರು ಯಾರಿದಾರೆ?”

ಎವಾಂಥಿಯಾ ತಮ್ಮನ ಕಡೆ ತಿರುಗಿದಳು. ಪೊಲಿಕ್ಸೇನಿಯೂ ತಿರುಗಿದಳು. ಸ್ತಮಾತಿಸ್ ಕಾಫಿ ಬಟ್ಟಲಿನ ತಳವನ್ನು ಬಹಳ ಆಸಕ್ತಿಯಿಂದ ನೋಡಿದ.

“ಇದನ್ನೂ ಯೋಚನೆ ಮಾಡಿದ್ದೆ,” ಎಂದ. “ನಿಮಗೆ ಹೇಳಿರಲಿಲ್ಲ ಅಷ್ಟೇ.”

ಮೆಥಾನಾದಲ್ಲಿ ಬಾಗಿಲು ತೆರೆದಾಗ ಉಳಿದ ಗಾಡಿಗಳು ಸಲೀಸಾಗಿ ಮೂತಿ ಮುಂದಾಗಿ ಇಳಿದುಹೋದವು. ಕೊನೆಗೆ ಉಳಿದದ್ದು ಗೋಡೆಗೆ ಮುಖ ಮಾಡಿದ ಹಳದಿ ಕಾರು. ಮೀಸೆಯ ಖಲಾಸಿ, “ನಾನು ತೆಗೆದುಕೊಡ್ಲಾ ಅಮ್ಮಾ?” ಎಂದ.

ಪೊಲಿಕ್ಸೇನಿಗೆ ಹೂಂ ಅನ್ನುವ ಆಸೆಯಾಯಿತು. ಬೆನ್ನ ಹಿಂದೆ ಕಬ್ಬಿಣದ ಇಳಿಜಾರು, ಅದರ ಎರಡೂ ಬದಿಗೆ ನೀರು. ಚರ್ಚಿನ ಗೋಡೆಯಾದರೂ ಒಣಗಿದ ಜಾಗದಲ್ಲಿತ್ತು. ಅಷ್ಟರಲ್ಲಿ ಸ್ತಮಾತಿಸ್ ಆಗಲೇ ದಡಕ್ಕಿಳಿದು, ಟೋಪಿ ಸರಿಪಡಿಸಿಕೊಂಡು, ಎರಡೂ ಕೈ ಮೇಲೆತ್ತಿ ನಿರ್ದೇಶನ ಶುರುಮಾಡಿದ್ದ.

“ಬೇಡ,” ಎಂದಳು ಖಲಾಸಿಗೆ. “ನಾನೇ ತೆಗೀತೀನಿ. ಅತ್ತಿಗೇ, ನೀವು ಇಳೀರಿ.”

“ನನ್ನನ್ನ ಇಲ್ಲಿಂದ ಇನ್ನೊಂದ್ಸಲ ಎಳೆಯೋಕೆ ಕ್ರೇನ್ ಬೇಕು,” ಎಂದಳು ಎವಾಂಥಿಯಾ. “ಹೊಡಿಯೇ ಹುಡುಗೀ. ಸತ್ರೆ ಒಟ್ಟಿಗೆ ಸಾಯೋಣ.”

ರಿವರ್ಸ್ ಗೇರ್ ಸಿಕ್ಕಿತು. ಕಾರು ಕುಂಯ್ ಎಂದು ಹಿಂದೆ ಸರಿಯಿತು. “ಎಡಕ್ಕೆ! ಎಡಕ್ಕೆ!” ಎಂದು ಕೂಗುತ್ತ ಸ್ತಮಾತಿಸ್ ಬಲಕ್ಕೆ ಕೈ ಬೀಸಿದ. ದಡದ ಕಾಫಿ ಅಂಗಡಿಯವರು ಕುರ್ಚಿ ತಿರುಗಿಸಿಕೊಂಡು ಕೂತರು. ಮೇಲಿನಿಂದ ಕ್ಯಾಪ್ಟನ್ ಇಣುಕುತ್ತಿದ್ದ. ಪೊಲಿಕ್ಸೇನಿ ಕಿಟಕಿಯಿಂದ ತಲೆ ಹೊರಹಾಕಿದಳು.

“ಸ್ತಮಾತಿ! ಕೈ ಎರಡನ್ನೂ ಜೇಬಲ್ಲಿ ಇಟ್ಕೋ!”

ಅವನು ತಡಕಾಡಿದ. ನಾಟಕದ ಪ್ಯಾಂಟಿಗೆ ಜೇಬೇ ಇರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಸುಮ್ಮನೆ ನಿಂತ. ಪೊಲಿಕ್ಸೇನಿ ಕನ್ನಡಿ ನೋಡಿದಳು, ನೂಲು ಹಿಡಿದಂತೆ ನೇರವಾಗಿ ದಡಕ್ಕೆ ಬಂದಳು. ಕಾಫಿ ಅಂಗಡಿಯಲ್ಲಿ ಚಪ್ಪಾಳೆ ಬಿತ್ತು, ಮೇಲಿನಿಂದ ಕ್ಯಾಪ್ಟನ್ ಹಡಗಿನ ಸೀಟಿಯನ್ನು ಉದ್ದಕ್ಕೆ ಕೂಗಿಸಿದ. ಎವಾಂಥಿಯಾ ಹಿಂದೆ ಕೂತು ಯಾವ್ಯಾವುದೋ ಸಂತರ ಹೆಸರು ಹೇಳಿ ಅಳುತ್ತ ನಗುತ್ತಿದ್ದಳು.

ಹಳ್ಳಿ ತಲುಪಿದಾಗ ಮದುಮಗಳ ತಲೆಗೂದಲು ಇನ್ನೂ ಸುರುಳಿ ಕಡ್ಡಿಗಳಲ್ಲಿತ್ತು. ಸ್ತಮಾತಿಸ್‌ಗೆ ಬೀಗರೊಬ್ಬರ ಕಂದು ಸೂಟು ಸಿಕ್ಕಿತು. ಸೊಂಟದಲ್ಲಿ ಇಬ್ಬರು ಹಿಡಿಸುವಂಥದ್ದು. ಕಿರೀಟ ಬದಲಾಯಿಸುವಾಗ ಒಂದು ಕೈ ಪ್ಯಾಂಟು ಹಿಡಿದೇ ಇತ್ತು, ಆದರೂ ಎಲ್ಲ ಸುಸೂತ್ರವಾಯಿತು. ರಾತ್ರಿಯವರೆಗೂ, ಮೆಥಾನಾ ದಾರಿ ಹಿಡಿದದ್ದು ತನ್ನದೇ ಜಾಣತನ ಎಂದು ಅವನು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಪೊಲಿಕ್ಸೇನಿ ಒಂದು ಮಾತೂ ತಿದ್ದಲಿಲ್ಲ.

ಮರುದಿನ ಬೆಳಿಗ್ಗೆ ಅವನು ನಕ್ಷೆ ಹಿಡಿದು ಹೊರಬರುವಷ್ಟರಲ್ಲಿ ಕಾರಿನ ಇಂಜಿನ್ ಓಡುತ್ತಿತ್ತು. ಸ್ಟೇರಿಂಗ್ ಹಿಡಿದ ಪೊಲಿಕ್ಸೇನಿಯ ಪಕ್ಕ, ಮುಂದಿನ ಸೀಟಿನಲ್ಲಿ ಎವಾಂಥಿಯಾ ಕಾಲು ಚಾಚಿ ಕೂತಿದ್ದಳು.

“ನನ್ನ ಮಂಡಿಗೆ ಮುಂದೇನೇ ಒಳ್ಳೇದು,” ಎಂದಳು.

ಸ್ತಮಾತಿಸ್ ಪೆಟ್ಟಿಗೆಗಳ ನಡುವೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಮಡಚಿಕೊಂಡ. “ಎಲ್ಲಿಗೆ ಹೋಗೋದು ಈಗ?” ಎಂದು ಕೇಳಿದ.

“ಗೊತ್ತಿಲ್ಲ,” ಎಂದಳು ಪೊಲಿಕ್ಸೇನಿ. “ಈ ರಸ್ತೆ ಚೆನ್ನಾಗಿ ಕಾಣ್ತಿದೆ.”